ಮುಂಜಾನೆ ಓಡಿ ಮಧ್ಯಾಹ್ನ ಹಳಿ ತಪ್ಪುವ ಗಾಡಿ: ಹಳೇ ಮಾಡೆಲ್ ರೈಲ್ವೆಯ ದೋಷ ಹುಡುಕುವ ಬಗೆ

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆ. ಅಂಗಡಿಯಲ್ಲಿ ಬೋರ್‌ವೆಲ್ ಮೋಟರ್ ಒಂದಕ್ಕೆ ಕಾಯಿಲ್ ಹಾಕುತ್ತಾ ಕೂತಿದ್ದೆ. ಅಕ್ಕನ ಮಗಳು ಫೋನ್ ಮಾಡಿದಳು.

"ಮಾಮಾ, ಮುಂಜಾನೆ ಇಪ್ಪತ್ತು ಸುತ್ತು ಚಲೋ ಓಡೇತಿ. ಈಗ ಒಂದ ಸುತ್ತಿಗೆ ಹಳಿ ಬಿಟ್ಟು ಇಳ್ಯಾಕತ್ತೈತಿ."

"ಇಂಜಿನ್ ಯಾವುದವ್ವಾ?"

"ಮುಂಜಾನೆ ಓಡಿಸಿದ್ದ."

"ಜಾಗ?"

"ಎರಡು ಬೋರ್ಡ್ ಕೂಡತಾವಲ್ಲ, ಅದರ ಹತ್ರ. ನಿನ್ನೇನೂ ಅಲ್ಲೇ."

ಅದೇ ಇಂಜಿನ್, ಅದೇ ಜಾಗ, ಬೇರೆ ಹೊತ್ತು. ಇಷ್ಟು ತಿಳಿದರೆ ಅರ್ಧ ದೋಷ ಸಿಕ್ಕ ಹಾಗೆ.

ನಾನು ಕೊಪ್ಪಳದಲ್ಲಿ ಮೋಟರ್ ವೈಂಡಿಂಗ್ ಕೆಲಸ ಮಾಡುವವನು. ರೈತರು ಪಂಪ್ ಹೊತ್ತು ತಂದು "ಮೋಟರ್ ಸುಟ್ಟೈತಿ" ಅನ್ನುತ್ತಾರೆ. ನಾನು ಕೂಡಲೇ ಬಿಚ್ಚುವುದಿಲ್ಲ. ಯಾವ ಹೊತ್ತಿಗೆ ನಿಂತಿತು, ಸ್ಟಾರ್ಟರ್ ಟ್ರಿಪ್ ಆಗಿತ್ತಾ, ಪಕ್ಕದ ಹೊಲದ ಮೋಟರ್ ಆಗ ಓಡುತ್ತಿತ್ತಾ ಅಂತ ಮೊದಲು ಕೇಳುತ್ತೇನೆ. ಎಷ್ಟೋ ಸಲ ಮೋಟರ್ ಗಟ್ಟಿಯಾಗಿಯೇ ಇರುತ್ತದೆ, ಕೇಬಲ್ ಜಾಯಿಂಟ್ ಹೋಗಿರುತ್ತದೆ. ಮಾಡೆಲ್ ರೈಲಿಗೂ ಇದೇ ಲೆಕ್ಕ. ಗಾಡಿ ನಿಂತ ಕೂಡಲೇ ಇಂಜಿನ್ ಬಿಚ್ಚಿ ಕೂರುವವರು ಬಹಳ. ಬಿಚ್ಚಿದಾಗ ಒಂದು ಸಣ್ಣ ಸ್ಪ್ರಿಂಗ್ ಹಾರಿ ಹೋದರೆ, ಇಲ್ಲದಿದ್ದ ದೋಷ ಹೊಸದಾಗಿ ಸೇರಿಕೊಳ್ಳುತ್ತದೆ.

ಹಾಗಾಗಿ ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಗಾಡಿ ನಿಂತಾಗಲೆಲ್ಲ ಇಂಜಿನ್ ಯಾವುದು, ಜಾಗ ಯಾವುದು, ಎಷ್ಟು ಗಂಟೆ ಅಂತ ಬರೆಯುವುದು. ನಿಂತ ಜಾಗಕ್ಕೆ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಪಕ್ಕ ಚಾಕ್ ಪೀಸಿನಿಂದ ಒಂದು ಗೆರೆ. ಹತ್ತು ಸಲ ಬರೆದ ಮೇಲೆ ದೋಷ ಜಾಗಕ್ಕೆ ಅಂಟಿದೆಯಾ, ಇಂಜಿನ್‌ಗೆ ಅಂಟಿದೆಯಾ, ಹೊತ್ತಿಗೆ ಅಂಟಿದೆಯಾ ಅನ್ನುವುದು ತಾನಾಗಿ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಉಪಕರಣ ನನ್ನ ಟೂಲ್ ಬಾಕ್ಸ್‌ನಲ್ಲಿ ಇಲ್ಲ.

ಮನೆಗೆ ಬಂದ ದಿನ

ಗವಿಮಠದ ಜಾತ್ರೆ ಮುಗಿದ ವಾರ ಈ ಲೇಔಟ್, ಅಂದರೆ ಹಲಗೆ ಮೇಲೆ ಹಳಿ ಹಾಸಿದ ಮಾಡೆಲ್ ರೈಲ್ವೆ, ಬಂತು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರು ಕೊಟ್ಟರು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್. ಟೆಂಪೋದಲ್ಲಿ ಹಿಡಿಸಲಿ ಅಂತ ನಡುವೆ ಕತ್ತರಿಸಿ ಎರಡು ಬೋರ್ಡ್ ಮಾಡಿದ್ದರು. ಅಳತೆ ಎಚ್‌ಒ, ಅಂದರೆ ನಿಜವಾದ ಗಾಡಿಯ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ 16.5 ಮಿ.ಮೀ. ಇದನ್ನು 87ರಿಂದ ಗುಣಿಸಿದರೆ 1435 ಮಿ.ಮೀ. ಹತ್ತಿರ ಬರುತ್ತದೆ. ಅದು ಯುರೋಪ್, ಅಮೆರಿಕದ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಕೊಪ್ಪಳದ ಮೇಲೆ ಮೊದಲು ಓಡುತ್ತಿದ್ದದ್ದು ಮೀಟರ್ ಗೇಜ್. ಅದನ್ನು ಇದೇ ಅಳತೆಯಲ್ಲಿ ಮಾಡಬೇಕಾದರೆ 12 ಮಿ.ಮೀ. ಹಳಿ ಬೇಕು. ಅಕ್ಕನ ಮಗಳಿಗೆ ಹುಬ್ಬಳ್ಳಿ–ಗುಂಟಕಲ್ ಲೈನೇ ಬೇಕಿತ್ತು. ಸದ್ಯಕ್ಕೆ ಇದನ್ನು ಓಡಿಸೋಣ ಅಂದೆ.

ಹಳೇ ಸಾಮಾನು ಬಂದ ದಿನವೇ ಪ್ಲಗ್ ಹಾಕಬೇಡಿ. ಮೊದಲು ಕಂಟ್ರೋಲರ್, ಅಂದರೆ ಹಳಿಗೆ ಕರೆಂಟ್ ಕೊಟ್ಟು ವೇಗ ಹಿಡಿಯುವ ಪೆಟ್ಟಿಗೆಯನ್ನು ಬೋರಲು ಹಾಕಿ, ಕೆಳಗಿನ ಲೇಬಲ್ ಓದಿ. ಅಮೆರಿಕದಿಂದ ತಂದ ಸೆಟ್ ಆದರೆ ಅದು 120 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗೆ ಬರುತ್ತದೆ. ನಮ್ಮದು 230ರದೇ ಇತ್ತು. ಆದರೂ ಅಂಗಡಿಯ ಸೀರೀಸ್ ಬೋರ್ಡ್‌ನಲ್ಲಿ 60 ವ್ಯಾಟ್ ತಂತಿ ಬಲ್ಬ್ ಜೊತೆ ಸೇರಿಸಿ ನೋಡಿದೆ. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ನಮ್ಮದರಲ್ಲಿ ಒಂದು ಕ್ಷಣ ಕೆಂಪಗಾಗಿ ಆರಿತು. ಸರಿಯಿದೆ. ಮೇನ್ಸ್ ವೈರ್ ಮಾತ್ರ ಬಿರುಕು ಬಿಟ್ಟಿತ್ತು, ಬದಲಾಯಿಸಿದೆ. ಸೀರೀಸ್ ಬೋರ್ಡ್ ಮುಟ್ಟುವ ಈ ಕೆಲಸವನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಮಕ್ಕಳ ಕೈಗೆ ಕೊಡಬೇಡಿ. ಹಳಿಗೆ ಬರುವ 12 ವೋಲ್ಟ್ ಡಿಸಿಯಿಂದ ಅಪಾಯ ಇಲ್ಲ. ಗೋಡೆಯ ಪ್ಲಗ್ಗಿನಿಂದ ಇದೆ.

ದೋಷ ಜಾಗಕ್ಕೆ ಅಂಟಿದ್ದರೆ

ಮೊದಲ ದಿನವೇ ಗಾಡಿ ಮುಂದಿನ ಸಾಲಿನಲ್ಲಿ ಓಡಿ, ಹಿಂದಿನ ಸಾಲಿಗೆ ಹೋಗುತ್ತಾ ಹೋಗುತ್ತಾ ನಿಧಾನವಾಗಿ, ಗುಡ್ಡದ ಸುರಂಗದ ಬಾಯಲ್ಲಿ ನಿಂತುಬಿಡುತ್ತಿತ್ತು. ಮೂರು ಇಂಜಿನ್‌ಗಳದೂ ಇದೇ ಕಥೆ. ಹಳಿ ಉಜ್ಜಿ ಒರೆಸಿದೆ, ಬದಲಾಗಲಿಲ್ಲ. ಮಲ್ಟಿಮೀಟರ್ ಹಿಡಿದರೆ ಎಲ್ಲಾ ಕಡೆ 12 ವೋಲ್ಟ್ ತೋರಿಸುತ್ತಿತ್ತು.

ಇಲ್ಲೇ ಬಹಳ ಜನ ಮೋಸ ಹೋಗುವುದು. ಮೀಟರ್ ತಾನು ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಕೂದಲೆಳೆಯಷ್ಟು ಸಂಪರ್ಕ ಇದ್ದರೂ ಅದಕ್ಕೆ 12 ಕಾಣುತ್ತದೆ. ಹೊಲದಲ್ಲಿ ಮೋಟರ್ ಬಂದ್ ಇದ್ದಾಗ ವೋಲ್ಟೇಜ್ ಚೆನ್ನಾಗಿರುತ್ತದೆ, ಸ್ಟಾರ್ಟ್ ಮಾಡಿದ ಕೂಡಲೇ ಬಿದ್ದುಹೋಗುತ್ತದೆ. ಇದೂ ಹಾಗೇ. ಭಾರ ಹಾಕಿ ಅಳೆಯಬೇಕು.

ಭಾರಕ್ಕೆ ಬೈಕಿನ ಪಾರ್ಕಿಂಗ್ ಲೈಟಿನ ಬಲ್ಬ್ ಸಾಕು. 12 ವೋಲ್ಟ್, 5 ವ್ಯಾಟ್. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಇದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಒಂದು ಹಳೇ ಇಂಜಿನ್ ಎಳೆಯುವಷ್ಟೇ. ಬಲ್ಬಿಗೆ ಎರಡು ವೈರ್ ಹಾಕಿ, ತುದಿಗೆ ಕ್ಲಿಪ್ ಹಾಕಿ. ಕಂಟ್ರೋಲರ್ ಪೂರ್ತಿ ತಿರುಗಿಸಿ, ಬಲ್ಬನ್ನು ಎರಡು ಹಳಿಗೆ ಕಚ್ಚಿಸಿ, ಪಕ್ಕದಲ್ಲೇ ಮೀಟರ್ ಹಿಡಿಯಿರಿ. ಕರೆಂಟ್ ಹಳಿಗೆ ಸೇರುವ ಕಡೆ ನಮಗೆ 11.6 ಬಂತು. ಸುರಂಗದ ಬಾಯಲ್ಲಿ 7.1. ಬಲ್ಬ್ ಹಳದಿಯಾಗಿ ಮಂಕಾಯಿತು. ಮಕ್ಕಳಿಗೆ ಮೀಟರ್ ಬೇಕಾಗಿಯೇ ಇಲ್ಲ, ಬಲ್ಬಿನ ಬೆಳಕು ನೋಡಿದರೆ ಸಾಕು.

ನಡುವೆ ನಾಲ್ಕೂವರೆ ವೋಲ್ಟ್ ಎಲ್ಲಿ ಹೋಯಿತು? ಬಲ್ಬನ್ನು ಸುರಂಗದ ಹತ್ತಿರವೇ ಬಿಡಿ. ಮೀಟರನ್ನು ಅತಿ ಕಡಿಮೆ ವೋಲ್ಟ್ ರೇಂಜ್‌ಗೆ ಇಡಿ. ಈಗ ಒಂದೇ ಹಳಿಯ ಮೇಲೆ, ಫಿಶ್‌ಪ್ಲೇಟಿನ (ಎರಡು ಹಳಿ ತುದಿ ಕೂಡಿಸುವ ಲೋಹದ ಪಟ್ಟಿ) ಈಚೆ ಒಂದು ಕಡ್ಡಿ, ಆಚೆ ಒಂದು ಕಡ್ಡಿ ಇಟ್ಟು ನೋಡಿ. ಒಳ್ಳೆಯ ಜೋಡಿನಲ್ಲಿ ಹತ್ತಿಪ್ಪತ್ತು ಮಿಲಿವೋಲ್ಟ್ ಬರುತ್ತದೆ. ನಮ್ಮಲ್ಲಿ ಮೂರನೇ ಜೋಡಿನಲ್ಲಿ 1.9 ವೋಲ್ಟ್, ಆರನೆಯದರಲ್ಲಿ 1.4, ಆಚೆ ಹಳಿಯ ಒಂದು ಜೋಡಿನಲ್ಲಿ 0.8. ಕಳ್ಳರು ಸಿಕ್ಕರು. ಮೇಲಿಂದ ನೋಡಿದರೆ ಮೂರೂ ಹೊಳೆಯುತ್ತಿದ್ದವು. ಹಳಿ ನಿಕ್ಕಲ್ ಸಿಲ್ವರ್‌ನದು. ಹೆಸರಿನಲ್ಲಿ ಬೆಳ್ಳಿ ಇದೆ ಅಷ್ಟೇ, ಇರುವುದು ತಾಮ್ರ, ನಿಕ್ಕಲ್, ಸತು. ಹಿತ್ತಾಳೆ ಹಳಿಯಷ್ಟು ಬೇಗ ಇದು ಕೆಡುವುದಿಲ್ಲ. ಆದರೆ ಫಿಶ್‌ಪ್ಲೇಟಿನ ಒಳಗೆ ವರ್ಷಗಟ್ಟಲೆ ಅಂಟು, ಬಣ್ಣ, ದೂಳು ಸೇರಿ ಪದರ ಕಟ್ಟುತ್ತದೆ. ಖಡಿ ಅಂಟಿಸುವಾಗ ಸುರಿದ ಫೆವಿಕಾಲ್ ನೀರೂ ಅಲ್ಲಿಗೇ ಇಳಿಯುತ್ತದೆ.

ಮದ್ದು ಎರಡು. ಒಂದು, ಜೋಡನ್ನೇ ಸೋಲ್ಡರ್ ಮಾಡಿಬಿಡುವುದು. ಎರಡು, ಬೋರ್ಡ್ ಕೆಳಗೆ ಎರಡು ದಪ್ಪ ವೈರ್ ಎಳೆದು, ಅಲ್ಲಿಂದ ಪ್ರತಿ ಹಳಿ ತುಂಡಿಗೂ ಸಣ್ಣ ವೈರ್ ಏರಿಸುವುದು. ನಾನು ಎರಡನ್ನೂ ಮಾಡಿದೆ. ಎರಡನೆಯದನ್ನು ಮಾಡಿದ್ದು ಸರಿ. ಮೊದಲನೆಯದನ್ನು ಮಾಡಿದ್ದು ತಪ್ಪು. ಆ ತಪ್ಪು ಏಪ್ರಿಲ್‌ನಲ್ಲಿ ಗೊತ್ತಾಯಿತು, ಮುಂದೆ ಬರುತ್ತದೆ.

ವೈರ್ ಏರಿಸುವ ಕೆಲಸಕ್ಕೆ ಮನೆ ವೈರಿಂಗ್‌ನ 2.5 ಚದರ ಮಿ.ಮೀ. ವೈರ್ ಕೆಳಗೆ, 0.75ರದು ಮೇಲಕ್ಕೆ. ಒಳ ಹಳಿಗೆಲ್ಲ ಕೆಂಪು, ಹೊರ ಹಳಿಗೆಲ್ಲ ಕಪ್ಪು. ಬಣ್ಣ ಬದಲಾಯಿಸಬೇಡಿ, ಒಂದು ಕಡೆ ಅದಲುಬದಲಾದರೂ ಶಾರ್ಟ್. ಹಳಿಯ ಹೊರ ಪಕ್ಕವನ್ನು ಬ್ಲೇಡಿನಿಂದ ಕೆರೆದು ಹೊಳೆಯುವಂತೆ ಮಾಡಿ. ಸೋಲ್ಡರ್‌ಗೆ ರಾಳ ತುಂಬಿದ ತಂತಿಯೇ ಬೇಕು. ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಹಚ್ಚಿದರೆ ಆರು ತಿಂಗಳಲ್ಲಿ ಹಸಿರು ಹಿಡಿದು ತಿಂದುಹಾಕುತ್ತದೆ. ಪ್ಲಾಸ್ಟಿಕ್ ಸ್ಲೀಪರ್ ಕರಗುತ್ತದೆ ಅಂತ ಸಣ್ಣ ಐರನ್ ತಗೊಳ್ಳುತ್ತಾರೆ. ಅದರಿಂದಲೇ ಜಾಸ್ತಿ ಕರಗುವುದು, ಯಾಕೆಂದರೆ ಬಹಳ ಹೊತ್ತು ಹಿಡಿಯಬೇಕು. 60 ವ್ಯಾಟ್ ಐರನ್ ಎರಡು ಸೆಕೆಂಡ್ ಇಟ್ಟು ತೆಗೆಯಿರಿ. ಎರಡೂ ಪಕ್ಕ ಒದ್ದೆ ಹತ್ತಿ ಇಡಿ.

ಪಾಯಿಂಟ್‌ಗಳ, ಅಂದರೆ ಗಾಡಿ ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳುವ ಜಾಗಗಳ ಬಗ್ಗೆ ಒಂದು ಮಾತು. ಗಾಡಿ ಪಾಯಿಂಟ್ ದಾಟಿದ ಮೇಲೆ ಪಕ್ಕಕ್ಕೆ ಕವಲೊಡೆದ ಲೈನಿನಲ್ಲಿ ಮಾತ್ರ ಸತ್ತರೆ, ಸರಿಯುವ ಹಳಿಯ ತುದಿ ಪಕ್ಕದ ಹಳಿಗೆ ಮುಟ್ಟುತ್ತಿಲ್ಲ ಅಂತ ತಿಳಿಯಿರಿ. ಎಷ್ಟೋ ಪಾಯಿಂಟ್‌ಗಳಲ್ಲಿ ಕರೆಂಟ್ ಹೋಗುವುದು ಆ ಒಂದು ಮುಟ್ಟುವಿಕೆಯಿಂದಲೇ. ಬೆರಳಿನಿಂದ ಒತ್ತಿ ಹಿಡಿದಾಗ ಓಡಿದರೆ ಸಂಶಯ ಬೇಡ. ತುದಿಯ ಒಳ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಕಡ್ಡಿಯಿಂದ ಒರೆಸಿ. ನಡುವೆ ಒಂದು ಖಡಿ ಚೂರು ಸಿಕ್ಕಿಕೊಂಡಿದ್ದರೂ ಸಾಕು. ನಮ್ಮದರಲ್ಲಿ ಸಿಕ್ಕಿಕೊಂಡದ್ದು ಗುಡ್ಡದಿಂದ ಉದುರಿದ ಪ್ಲಾಸ್ಟರ್. ಟೆಂಪೋ ಕುಲುಕಿಗೆ ಗುಡ್ಡ ಬಿರುಕು ಬಿಟ್ಟು, ದಿನಾ ಒಂದೊಂದು ಚಕ್ಕೆ ಹಳಿ ಮೇಲೆ ಬೀಳುತ್ತಿತ್ತು. ಮತ್ತೆ ಪ್ಲಾಸ್ಟರ್ ಮೆತ್ತಿದರೆ ಭಾರ, ಮತ್ತೆ ಬಿರುಕು. ನಮ್ಮ ಕಿನ್ನಾಳದ ಗೊಂಬೆ ಮಾಡುವವರು ಕಟ್ಟಿಗೆ ಮೇಲೆ ಕಿಟ್ಟ ಹಚ್ಚುತ್ತಾರಲ್ಲ, ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿಗೆ ಹುಣಸೆ ಬೀಜದ ಅಂಟು ಸೇರಿಸಿದ್ದು. ಅದೇ ರೀತಿ ಮಾಡಿ ಬಿರುಕಿಗೆ ತುಂಬಿದೆ. ಹಗುರ, ಗಟ್ಟಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ಒಂದು ಚಕ್ಕೆಯೂ ಬಿದ್ದಿಲ್ಲ.

ಶಾರ್ಟ್ ಆದರೆ

ಗಾಡಿ ಓಡಿಸುವ ಮೊದಲೇ, ಎರಡು ಬೋರ್ಡ್ ಜೋಡಿಸಿ ಅವುಗಳ ವೈರ್ ಕೂಡಿಸುವ ಪ್ಲಗ್ ಸಿಕ್ಕಿಸಿದ ಕೂಡಲೇ ಕಂಟ್ರೋಲರ್ ಟ್ರಿಪ್ ಆಗಿತ್ತು. ಶಾರ್ಟ್ ಹುಡುಕುವಾಗ ಸುಮ್ನೆ ಅಲ್ಲಿ ಇಲ್ಲಿ ಕೈ ಹಾಕಬೇಡಿ. ಎಲ್ಲಾ ಇಂಜಿನ್, ಬೋಗಿ ಕೆಳಗಿಳಿಸಿ. ಲೋಹದ ಚಕ್ರ ತಪ್ಪಾಗಿ ಕೂತಿದ್ದರೂ ಶಾರ್ಟ್ ಆಗುತ್ತದೆ. ಹೋಗಲಿಲ್ಲವಾದರೆ ಲೇಔಟನ್ನು ಅರ್ಧ ಮಾಡಿ. ಎರಡನೇ ಬೋರ್ಡಿನ ಪ್ಲಗ್ ತೆಗೆದು ನೋಡಿ. ಶಾರ್ಟ್ ಹೋದರೆ ದೋಷ ಆ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮನೆ ವೈರಿಂಗ್‌ನಲ್ಲಿ ಒಂದೊಂದೇ ಫ್ಯೂಸ್ ತೆಗೆದು ಲೀಕೇಜ್ ಹುಡುಕುವ ಹಾಗೆ. ಮೂರ್ನಾಲ್ಕು ಸಲಕ್ಕೆ ಸಿಕ್ಕೇ ಸಿಗುತ್ತದೆ.

ನಮ್ಮದರಲ್ಲಿ ಬೋರ್ಡ್ ಕತ್ತರಿಸಿದವರು ಹಾಕಿದ ಪ್ಲಗ್ಗಿನಲ್ಲಿ ಕೆಂಪು, ಕಪ್ಪು ಅದಲುಬದಲಾಗಿತ್ತು.

ಕಂಟ್ರೋಲರ್‌ನಿಂದ ಹಳಿಗೆ ಹೋಗುವ ಒಂದು ವೈರಿನಲ್ಲಿ 12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸೀರೀಸ್ ಹಾಕಿಡಿ. ಶಾರ್ಟ್ ಆದಾಗ ಬಲ್ಬ್ ಪೂರ್ತಿ ಬೆಳಗುತ್ತದೆ, ಕರೆಂಟ್ ಪೌಣೇ ಎರಡು ಆಂಪಿಯರ್ ದಾಟುವುದಿಲ್ಲ, ಯಾವುದೂ ಸುಡುವುದಿಲ್ಲ. ದೋಷ ಹುಡುಕುವ ದಿನಗಳಲ್ಲಿ ಇದು ಬಹಳ ಉಪಕಾರಿ.

ಹಳಿ ಹಿಂದಕ್ಕೆ ಹೊರಳಿ, ಬಂದ ಲೈನಿಗೇ ಎದುರು ದಿಕ್ಕಿನಿಂದ ಕೂಡುವ ಲೂಪ್ ಇದ್ದರೆ ವಿಷಯ ಬೇರೆ. ಒಳ ಹಳಿ ಹೋಗಿ ಹೊರ ಹಳಿಗೆ ಮುಟ್ಟುತ್ತದೆ, ಅಲ್ವಾ? ಅಲ್ಲಿ ಶಾರ್ಟ್ ಆಗಲೇಬೇಕು. ಲೂಪಿನ ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಪ್ಲಾಸ್ಟಿಕ್ ಜೋಡು ಹಾಕಿ, ಆ ಭಾಗಕ್ಕೆ ಬೇರೆ ಡಿಪಿಡಿಟಿ ಸ್ವಿಚ್‌ನಿಂದ (ಪ್ಲಸ್, ಮೈನಸ್ ಅದಲುಬದಲು ಮಾಡುವ ಸ್ವಿಚ್) ಕರೆಂಟ್ ಕೊಡಬೇಕು.

ಇಂಜಿನ್ ಜೊತೆ ಓಡಾಡುವ ದೋಷ

ಒಂದೇ ಇಂಜಿನ್ ಎಲ್ಲಾ ಕಡೆ ಸತಾಯಿಸಿದರೆ ಆಗ ಇಂಜಿನ್ ಹಿಡಿಯಿರಿ. ಅಂಗಾತ ಮಲಗಿಸಿ, ಚಕ್ರಗಳಿಗೆ ನೇರವಾಗಿ 12 ವೋಲ್ಟ್ ವೈರ್ ಮುಟ್ಟಿಸಿ. ಅಲ್ಲಿ ಚೆನ್ನಾಗಿ ತಿರುಗಿ ಹಳಿ ಮೇಲೆ ಮಾತ್ರ ನಿಂತರೆ ಚಕ್ರದ ಮೇಲಿನ ಮಸಿ, ಇಲ್ಲವೇ ಚಕ್ರದಿಂದ ಕರೆಂಟ್ ಎತ್ತುವ ಪಟ್ಟಿ ಸಡಿಲ. ಪ್ರತಿ ಸುತ್ತಿಗೆ ಒಮ್ಮೆ 'ಟಕ್' ಅಂದರೆ ಅಚ್ಚಿನ ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿದೆ, ಅಂಟಿಸಬೇಡಿ, ಹೊಸದು ಹಾಕಿ. ಕರೆಂಟ್ ಸರಿಯಿದ್ದೂ ಕದಲದಿದ್ದರೆ, ಒಳಗೆ ಡಿಜಿಟಲ್ ಡಿಕೋಡರ್ (ಹಳಿಯಲ್ಲಿ ಬರುವ ಡಿಜಿಟಲ್ ಸಂಕೇತ ಓದುವ ಸರ್ಕ್ಯೂಟ್) ಇದೆಯಾ ನೋಡಿ. ಅಂಥ ಇಂಜಿನ್ ಕೆಲವು ಸಾದಾ ಡಿಸಿಯಲ್ಲಿ ಓಡುವುದಿಲ್ಲ. ಹಳಿ ತಪ್ಪುವುದು ಒಂದೇ ಇಂಜಿನ್ ಆದರೆ, ಎರಡು ಚಕ್ರಗಳ ಒಳ ಮೈ ನಡುವಿನ ಅಂತರ ವರ್ನಿಯರ್‌ನಲ್ಲಿ ಅಳೆಯಿರಿ. ಎಚ್‌ಒದಲ್ಲಿ ಸುಮಾರು 14.4 ಮಿ.ಮೀ. ಇರಬೇಕು.

ಕಾರ್ಬನ್ ಬ್ರಷ್ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಅದು ನನ್ನ ಕೆಲಸ. ಒಂದು ಇಂಜಿನ್‌ನಲ್ಲಿ ಬ್ರಷ್ ಸವೆದು ಸ್ಪ್ರಿಂಗೇ ಕಮ್ಯುಟೇಟರ್‌ಗೆ (ಬ್ರಷ್‌ನಿಂದ ಕರೆಂಟ್ ಪಡೆಯುವ, ತಿರುಗುವ ತಾಮ್ರದ ಪಟ್ಟಿಗಳು) ತಾಗುತ್ತಿತ್ತು. ಅಂಗಡಿಯಲ್ಲಿದ್ದ ಮಿಕ್ಸಿಯ ಬ್ರಷ್ ತೇಯ್ದು, ಅಳತೆಗೆ ತಂದು ಹಾಕಿದೆ. ಸರಿಯಾಗಿ ಕೂತಿತು, ಇಂಜಿನ್ ಮಾತ್ರ ಬಲ ಇಲ್ಲದೆ ತೆವಳಿತು. ಮಿಕ್ಸಿ ಬ್ರಷ್ 230 ವೋಲ್ಟ್‌ಗೆ ಮಾಡಿದ್ದು, ಅದರ ಸ್ವಂತ ತಡೆಯೇ ಜಾಸ್ತಿ. 230ರಲ್ಲಿ ಒಂದೆರಡು ವೋಲ್ಟ್ ಹೋದರೆ ಲೆಕ್ಕಕ್ಕಿಲ್ಲ, 12ರಲ್ಲಿ ಹೋದರೆ ಏನು ಉಳಿಯಿತು? ಕಡಿಮೆ ವೋಲ್ಟ್ ಮೋಟರ್‌ಗೆ ತಾಮ್ರದ ಪುಡಿ ಸೇರಿಸಿದ ಬ್ರಷ್ ಬೇಕು. ಮುರಿದ ಬಾಯಿ ನೋಡಿದರೆ ಸ್ವಲ್ಪ ಕೆಂಪು ಛಾಯೆ ಕಾಣುತ್ತದೆ. 12 ವೋಲ್ಟಿನ ಸಣ್ಣ ಮೋಟರಿನ ಬ್ರಷ್ ತೇಯ್ದು ಹಾಕಿದೆ, ಎಳೆಯುವ ಬಲ ವಾಪಸ್ ಬಂತು. ಕಮ್ಯುಟೇಟರ್ ಪಟ್ಟಿಗಳ ನಡುವಿನ ಸಂದಿಯ ಮಸಿಯನ್ನು ಚೂಪು ಮಾಡಿದ ಬೆಂಕಿ ಕಡ್ಡಿಯಿಂದ ತೆಗೆಯಿರಿ. ಸೂಜಿ ಬೇಡ, ಗೀರು ಬೀಳುತ್ತದೆ.

ಕರಿ ದೂಳು

ನಮ್ಮ ಕಡೆ ದೂಳು ಬೇರೆ ಥರ. ಕೊಪ್ಪಳದಿಂದ ಗಿಣಿಗೇರಿ ಕಡೆಗೆ, ಆಚೆ ಬಳ್ಳಾರಿ ಕಡೆಗೆ ಇರುವವರಿಗೆ ಗೊತ್ತು. ಬಿಳಿ ಬಟ್ಟೆ ಒಣಗಲು ಹಾಕಿದರೆ ಸಂಜೆಗೆ ಕರಿ ಚುಕ್ಕೆ. ಇಲ್ಲಿನ ಸ್ಪಾಂಜ್ ಐರನ್ ಕಾರ್ಖಾನೆಗಳ ದೂಳಿನಲ್ಲಿ ನಿಜವಾದ ಕಬ್ಬಿಣ ಇರುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಇಂಜಿನ್ ಮೋಟರ್ ಒಳಗೆ ಇರುವುದೇ ಅಯಸ್ಕಾಂತ. ಹಳಿ ಮೇಲಿನ ಕಬ್ಬಿಣದ ಪುಡಿಯನ್ನು ಅದು ತನ್ನೊಳಗೆ ಎಳೆದುಕೊಂಡು, ಅಯಸ್ಕಾಂತಕ್ಕೂ ತಿರುಗುವ ಆರ್ಮೇಚರ್‌ಗೂ ನಡುವೆ ಗಡ್ಡದ ಹಾಗೆ ಬೆಳೆಸಿಕೊಳ್ಳುತ್ತದೆ. ಹಳೇ ತೆರೆದ ಮೋಟರ್‌ಗಳಲ್ಲಿ ಇದು ಜಾಸ್ತಿ.

ಅದಕ್ಕೇ ಇಲ್ಲಿ ಹಳಿ ಒರೆಸುವ ಮೊದಲು ಇಂಜಿನ್‌ಗಳನ್ನೆಲ್ಲ ಎತ್ತಿಟ್ಟು, ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳಿ ಮೇಲೆ ಒಂದು ಸುತ್ತು ಆಡಿಸಿ. ಚೀಲ ತಿರುವಿ ಹಾಕಿದರೆ ಕರಿ ಪುಡಿ ಅದರಲ್ಲೇ ಉಳಿಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಬಟ್ಟೆ. ಸ್ಯಾಂಡ್ ಪೇಪರ್ ಬೇಡವೇ ಬೇಡ. ಅವತ್ತು ಹೊಳೆಯುತ್ತದೆ, ಮರುವಾರ ಆ ಗೀರುಗಳಲ್ಲೇ ಮಸಿ ಕೂತು ಮೊದಲಿಗಿಂತ ಬೇಗ ಕೆಡುತ್ತದೆ. ಸೀಮೆಎಣ್ಣೆ ಜಿಡ್ಡು ಉಳಿಸುತ್ತದೆ. ಓಡಿಸದ ದಿನ ಲೇಔಟ್ ಮೇಲೆ ಹಳೇ ಸೀರೆ ಹೊದಿಸಿ. ಎಲ್ಲಾ ಕ್ಲೀನರ್‌ಗಿಂತ ಅದೇ ದೊಡ್ಡದು.

ಹೊತ್ತು ನೋಡಿ ಬರುವ ದೋಷ

ಇಂಥದ್ದು ಮೊದಲು ಬಂದಿದ್ದು ಜನವರಿ ಕೊನೆಯಲ್ಲಿ. ಮುಂಜಾನೆ ಏಳಕ್ಕೆ ಒಂದು ಇಂಜಿನ್ ಗುಂಯ್ ಅನ್ನುತ್ತದೆ, ಕದಲುವುದಿಲ್ಲ. ಹತ್ತು ಗಂಟೆಗೆ ತಾನೇ ಸರಿಯಾಗುತ್ತದೆ. ನೋಟ್‌ಬುಕ್‌ನಲ್ಲಿ ನಾಲ್ಕು ದಿನ ಹೀಗೇ ಇತ್ತು. ಹಲ್ಲುಚಕ್ರಕ್ಕೆ ಕೊಬ್ಬರಿ ಎಣ್ಣೆ ಹಾಕಲಾಗಿತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಮುಂಜಾನೆ ಬಾಟಲಿಯಲ್ಲಿ ಆಗುವುದೇ ಇಂಜಿನ್ ಒಳಗೂ ಆಗುತ್ತಿತ್ತು. ತೊಳೆದು ಹೊಲಿಗೆ ಯಂತ್ರದ ಎಣ್ಣೆ ಹಾಕಿದೆವು, ಸೂಜಿ ತುದಿಯಲ್ಲಿ ನಿಲ್ಲುವಷ್ಟು.

ಏಪ್ರಿಲ್‌ನದು ಇಷ್ಟು ಸುಲಭ ಇರಲಿಲ್ಲ.

ಫೋನ್ ಬಂದ ದಿನ ಅಂಗಡಿ ಮುಚ್ಚಿ ಬರುವಾಗ ಸಂಜೆ ಏಳಾಗಿತ್ತು. ಗಾಡಿ ಸರಾಗವಾಗಿ ಓಡಿತು. ಮರುದಿನ ಮಧ್ಯಾಹ್ನ ಊಟಕ್ಕೆ ಬಂದಾಗ ನೋಡಿದೆ. ಬೋರ್ಡ್ ಜೋಡಿನ ಹತ್ತಿರ ಎರಡನೇ ಬೋಗಿ ಇಳಿಯಿತು. ಬಲ್ಬ್ ಇಟ್ಟು ಅಳೆದೆ, 11.4 ವೋಲ್ಟ್. ಕರೆಂಟ್ ದೋಷ ಇಲ್ಲ. ಬೇರೆ ಇಂಜಿನ್ ಇಟ್ಟೆ, ಅದೂ ಅಲ್ಲೇ ಓಲಾಡಿತು. ಇಂಜಿನ್ ದೋಷವೂ ಇಲ್ಲ. ಮೊಬೈಲ್ ಕ್ಯಾಮೆರಾವನ್ನು ಹಳಿಯ ಮಟ್ಟಕ್ಕೆ ಇಳಿಸಿ ಉದ್ದಕ್ಕೆ ಒಂದು ಫೋಟೋ ತೆಗೆದೆ. ಕಣ್ಣಿಗೆ ನೇರ ಕಾಣುತ್ತಿದ್ದ ಹಳಿ ಫೋಟೋದಲ್ಲಿ ಹಾವಿನ ಹಾಗೆ ಪಕ್ಕಕ್ಕೆ ಬಾಗಿತ್ತು. ಸ್ಟೀಲ್ ಪಟ್ಟಿ ಇಟ್ಟರೆ ಒಂದೂವರೆ ಮಿ.ಮೀ. ಡೊಂಕು. ಮರುದಿನ ಬೆಳಗ್ಗೆ ಆರಕ್ಕೆ ಪಟ್ಟಿ ಇಟ್ಟರೆ ಡೊಂಕು ಹೆಚ್ಚುಕಡಿಮೆ ಮಾಯ.

ಕಬ್ಬಿಣ ಕಾಯ್ದರೆ ಹಿಗ್ಗುತ್ತದೆ, ಶಾಲೆಯ ಪಾಠ. ಆದರೆ ಎಷ್ಟು? ಲೆಕ್ಕ ಹಾಕಿದೆ. ನಿಕ್ಕಲ್ ಸಿಲ್ವರ್ ಒಂದು ಮೀಟರ್ ಇದ್ದರೆ ಒಂದು ಡಿಗ್ರಿಗೆ ಮಿಲಿಮೀಟರಿನ ಸಾವಿರದ 16–17 ಪಾಲು ಹಿಗ್ಗುತ್ತದೆ. ನಮ್ಮ ಸಾಲು 2.4 ಮೀಟರ್. ಲೇಔಟ್ ಇರುವುದು ತಗಡಿನ ಶೀಟ್ ಹಾಕಿದ ಮೇಲಿನ ಕೋಣೆಯಲ್ಲಿ. ಮುಂಜಾನೆ 24, ಮಧ್ಯಾಹ್ನ 42 ಡಿಗ್ರಿ. ಒಟ್ಟು ಹಿಗ್ಗು ಸುಮಾರು 0.7 ಮಿ.ಮೀ. ಇದೂ ಕಮ್ಮಿಯೇನಲ್ಲ. ಆದರೆ ಫೆಬ್ರವರಿ ಕೊನೆಗೂ ಮಧ್ಯಾಹ್ನ ಬಿಸಿಲು ಕಾದಿತ್ತು, ಆಗ ಏನೂ ಆಗಿರಲಿಲ್ಲ. ಬಿಸಿಲೊಂದೇ ಕಾರಣ ಆಗಿದ್ದರೆ ಸ್ವಲ್ಪವಾದರೂ ಕಾಣಬೇಕಿತ್ತು.

ಉತ್ತರ ಹುಡುಗಿಗೆ ಸಿಕ್ಕಿತು. ಎರಡು ಬೋರ್ಡ್ ಬೇರೆ ಮಾಡುವಾಗ ಅವಳ ಬೆರಳಿಗೆ ಹಳಿ ತುದಿ ಚುಚ್ಚಿತು.

"ಮಾಮಾ, ಇದು ಮೊದಲು ಹೊರಗ ಇರಲಿಲ್ಲ."

ಅವಳ ಫೋನಿನಲ್ಲಿ ಜನವರಿಯ ಫೋಟೋ ಇತ್ತು. ಬೋರ್ಡ್ ಬಂದ ದಿನ ತೆಗೆದದ್ದು. ಅದರಲ್ಲಿ ಹಳಿ ತುದಿಯೂ ಪ್ಲೈವುಡ್ ಅಂಚೂ ಒಂದೇ ಸಮ. ಈಗ ಹಳಿ ಒಂದು ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಹೊರಗೆ. ಎರಡನೇ ಬೋರ್ಡಿನಲ್ಲೂ ಅಷ್ಟೇ. ಮುಂಜಾನೆಯ ತಂಪಿನಲ್ಲೂ ಹಾಗೇ ಇತ್ತು. ಅಂದರೆ ಹಳಿ ಬೆಳೆದಿರಲಿಲ್ಲ, ಕಟ್ಟಿಗೆ ಕುಗ್ಗಿತ್ತು.

ಬೆಂಗಳೂರಿನ ತೇವದಲ್ಲಿ ವರ್ಷಗಟ್ಟಲೆ ಇದ್ದ ಪ್ಲೈವುಡ್ ಅದು. ಕೊಪ್ಪಳದ ಬೇಸಿಗೆಯ ಒಣ ಗಾಳಿಗೆ ಬಂತು. ಒಳಗಿನ ತೇವ ಬಿಡುತ್ತಾ ಬಿಡುತ್ತಾ ನಿಧಾನವಾಗಿ ಸಣ್ಣದಾಯಿತು. ಪ್ಲೈವುಡ್ ಹಲಗೆಯಷ್ಟು ಕುಗ್ಗುವುದಿಲ್ಲ, ಆದರೆ ಸಾವಿರದಲ್ಲಿ ಒಂದು ಪಾಲು ಕುಗ್ಗಿದರೂ ನಾಲ್ಕು ಅಡಿಗೆ 1.2 ಮಿ.ಮೀ. ಎರಡು ಬೋರ್ಡಿಗೆ ಅದರ ಎರಡರಷ್ಟು. ಕಟ್ಟಿಗೆ ವಾರಗಳ ಲೆಕ್ಕದಲ್ಲಿ ಕುಗ್ಗುತ್ತದೆ. ಹಳಿ ಗಂಟೆಗಳ ಲೆಕ್ಕದಲ್ಲಿ ಹಿಗ್ಗುತ್ತದೆ. ಮಾರ್ಚ್ ಪೂರ್ತಿ ಕಟ್ಟಿಗೆ ಇದ್ದ ಜಾಗವನ್ನೆಲ್ಲ ತಿಂದು ಮುಗಿಸಿತ್ತು. ಏಪ್ರಿಲ್ ಮಧ್ಯಾಹ್ನದ 0.7 ಮಿ.ಮೀ.ಗೆ ಹೋಗಲು ಜಾಗ ಇರಲಿಲ್ಲ, ಪಕ್ಕಕ್ಕೆ ಬಾಗಿತು. ಬೆಳಗ್ಗೆ ತಣ್ಣಗಾದಾಗ ಮತ್ತೆ ಒಳಗೆ ಸರಿಯಿತು.

ಜೋಡುಗಳಲ್ಲಿ ಸಂದು ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಸಂದು ಎಲ್ಲಿ ಹೋಯಿತು? ಜನವರಿಯಲ್ಲಿ ಎಲ್ಲಾ ಜೋಡನ್ನೂ ಸೋಲ್ಡರ್ ಮಾಡಿದವನು ನಾನೇ. ಹಿಂದಿನವರು ಸಡಿಲ ಬಿಟ್ಟಿದ್ದರು, ಅದಕ್ಕೆ ಕರೆಂಟ್ ಕೆಟ್ಟಿತ್ತು. ನಾನು ಕರೆಂಟ್ ಸರಿ ಮಾಡಲು ಹೋಗಿ ಹಳಿಗೆ ಉಸಿರಾಡಲು ಜಾಗ ಇಲ್ಲದಂತೆ ಮಾಡಿದೆ. ಸಡಿಲ ಉಳಿದದ್ದು ಬೋರ್ಡ್ ಕೂಡುವ ಒಂದೇ ಜಾಗ, ಎಲ್ಲಾ ಒತ್ತಡ ಅಲ್ಲಿಗೇ ಬಂತು. ಕರೆಂಟ್ ಒಯ್ಯುವ ಕೆಲಸ ಕೆಳಗಿನ ವೈರಿನದು. ಫಿಶ್‌ಪ್ಲೇಟಿನ ಕೆಲಸ ಹಳಿಯನ್ನು ಸಾಲಿನಲ್ಲಿ ಹಿಡಿದು, ಹಿಂದೆ ಮುಂದೆ ಜಾರಲು ಬಿಡುವುದು. ಎರಡೂ ಕೆಲಸ ಒಂದಕ್ಕೇ ಹೊರಿಸಬಾರದು.

ನಿಜವಾದ ರೈಲ್ವೆಗೂ ಇದೇ ತಾಪತ್ರಯ. ಉದ್ದುದ್ದ ಬೆಸೆದ ಹಳಿಗಳಿರುವ ಕಡೆ, ಬೇಸಿಗೆಯ ಮಧ್ಯಾಹ್ನ ಹಳಿ ಬಾಗಿದೆಯಾ ಅಂತ ನೋಡಲು ಸಿಬ್ಬಂದಿ ಸುಡು ಬಿಸಿಲಲ್ಲಿ ಲೈನ್ ಉದ್ದಕ್ಕೂ ನಡೆಯುತ್ತಾರೆ. ಇದನ್ನು ಹೇಳಿದ ಮೇಲೆ ಅಕ್ಕನ ಮಗಳು ಗೇಟ್ ಹತ್ತಿರ ನಿಂತು ಅವರನ್ನು ನೋಡುವ ರೀತಿಯೇ ಬದಲಾಯಿತು.

ಸರಿ ಮಾಡಿದ್ದು ಹೀಗೆ. ಒಂದು ಬಿಟ್ಟು ಒಂದು ಜೋಡಿನ ಸೋಲ್ಡರ್ ಬಿಡಿಸಿದೆ. ಬಿಡಿಸಲು ಆಗದ ಕಡೆ ತೆಳು ಗರಗಸದಿಂದ ಹಳಿ ಕತ್ತರಿಸಿದೆ. ಕತ್ತರಿಸಿದ್ದು ಬೇಕಂತಲೇ ಮಧ್ಯಾಹ್ನ ಮೂರಕ್ಕೆ, ಹಳಿ ಅತಿ ಉದ್ದ ಇರುವ ಹೊತ್ತಿಗೆ. ಆಗ ಅರ್ಧ ಮಿ.ಮೀ. ಸಂದು ಸಾಕು, ಅದಕ್ಕಿಂತ ಮುಚ್ಚುವುದಿಲ್ಲ. ತಂಪು ಹೊತ್ತಿನಲ್ಲಿ ಕತ್ತರಿಸುವುದಾದರೆ ಜಾಸ್ತಿ ಬಿಡಬೇಕು. ಸಂದಿನಲ್ಲಿ ಎರಡು ವಿಸಿಟಿಂಗ್ ಕಾರ್ಡ್ ಇಟ್ಟು ಅಳತೆ ಹಿಡಿದೆ. ಸಂದಿನ ಎರಡೂ ಕಡೆಯ ಹಳಿಗೆ ಬೇರೆ ಬೇರೆ ವೈರ್ ಇದೆಯಾ ಅಂತ ಬಲ್ಬಿನಿಂದ ಪರೀಕ್ಷೆ ಮಾಡಿದೆ. ಎರಡು ಕಡೆ ಇರಲಿಲ್ಲ, ಹಾಕಿದೆ.

ಬೋರ್ಡ್ ಅಂಚಿನಿಂದ ಹೊರಗೆ ಬಂದ ಹಳಿಯನ್ನು ಪೂರ್ತಿ ಅರ ಹಾಕಿ ಸಮ ಮಾಡಬೇಕು ಅನ್ನಿಸುತ್ತದೆ. ಮಾಡಬೇಡಿ. ಮಳೆಗಾಲಕ್ಕೆ ಕಟ್ಟಿಗೆ ಮತ್ತೆ ತೇವ ಕುಡಿದು ಹಿಗ್ಗುತ್ತದೆ, ಆಗ ಸಂದು ಬಾಯಿ ತೆರೆಯುತ್ತದೆ. ಒಂದೊಂದು ಬದಿ ಅರ್ಧ ಮಿ.ಮೀ. ಮಾತ್ರ ತೇಯ್ದೆ.

ಕೊನೆಗೆ ಪ್ಲೈವುಡ್. ಮೇಲಿನ ಮೈಗೆ ಬಣ್ಣ ಇತ್ತು, ಕೆಳಗೆ ಮತ್ತು ಕತ್ತರಿಸಿದ ಅಂಚಿಗೆ ಏನೂ ಇರಲಿಲ್ಲ. ತೇವ ಹೋಗುವುದೂ ಬರುವುದೂ ಅಂಚಿನಿಂದಲೇ ಜಾಸ್ತಿ. ಎಲ್ಲಾ ಕಡೆ ಎರಡೆರಡು ಕೋಟ್ ವಾರ್ನಿಷ್ ಹೊಡೆದೆವು. ಹೊಸದಾಗಿ ತರುವವರು ಇದನ್ನು ಮೊದಲೇ ಮಾಡಿ. ತಂದ ಬೋರ್ಡನ್ನು ಮನೆಯಲ್ಲಿ ಎರಡು ಮೂರು ವಾರ ಸುಮ್ನೆ ಇಡಿ, ಊರಿನ ಗಾಳಿ ಹಿಡಿಯಲಿ. ಆಮೇಲೆ ವಾರ್ನಿಷ್, ಆಮೇಲೆ ಹಳಿ ಕೆಲಸ. ಆಗುವುದಾದರೆ ತಗಡಿನ ಕೋಣೆ ಬಿಟ್ಟು ಕೆಳಗಿನ ಕೋಣೆಯಲ್ಲಿ ಇಡಿ. ನಮಗೆ ಕೆಳಗೆ ಜಾಗ ಇಲ್ಲ.

ಮೇ ತಿಂಗಳ ಬಿಸಿಲೆಲ್ಲ ಕಳೆಯಿತು, ಒಂದು ಬೋಗಿಯೂ ಇಳಿಯಲಿಲ್ಲ. ಈಗ ನೋಟ್‌ಬುಕ್‌ನಲ್ಲಿ ತಿಂಗಳಿಗೊಮ್ಮೆ ಆರು ಸಂದುಗಳ ಅಳತೆ ಬರೆಯುತ್ತೇವೆ. ಮಳೆ ಹಿಡಿದ ಮೇಲೆ ಹಿಂದಿನ ಸಾಲಿನ ಒಂದು ಸಂದು 1.4 ಮಿ.ಮೀ. ಆಗಿದೆ. ಬಲ್ಬ್ ಇಟ್ಟು ನೋಡಿದೆ, ಕರೆಂಟ್ ಸರಿಯಿದೆ. ಚಕ್ರ ದಾಟುವಾಗ 'ಟಕ್' ಅನ್ನುತ್ತದೆ. ಒಂದು ಚೂರು ಪ್ಲಾಸ್ಟಿಕ್ ತುಂಬಿಬಿಡೋಣ ಅಂತ ಅಳತೆಗೆ ಕತ್ತರಿಸಿ ಹಿಡಿದುಕೊಂಡೆ.

"ತುಂಬಬ್ಯಾಡ ಮಾಮಾ," ಅಂದಳು. "ಏಪ್ರಿಲ್‌ಗೆ ಬೇಕಾಗ್ತೈತಿ."